ಮೀಟ್ರು ಕಮ್ಮಿ ತೋರಿಸ್ತದೆ

ತೊರಪಲ್ಲಿ ಅಗ್ರಹಾರ ನನ್ನ ತವರು. ಅಣ್ಣನ ಮನೆಯಲ್ಲಿ ಊಟ ಮಾಡಿ, ಅತ್ತಿಗೆ ಕಟ್ಟಿಕೊಟ್ಟ ಅವರೆಕಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮವರ ಬೈಕಿನ ಹಿಂದೆ ಕೂತು ಹೊಸೂರಿಗೆ ವಾಪಸು ಬರುತ್ತಿದ್ದ ಒಂದು ಸಂಜೆ ಅವರು ಮೊದಲ ಸಲ ಆ ಮಾತು ಹೇಳಿದರು.

"ಮೀಟ್ರು ಕಮ್ಮಿ ತೋರಿಸ್ತದೆ ಕಣೆ."

ಅವರ ಭುಜದ ಮೇಲಿಂದ ಇಣುಕಿದೆ. ಮುಳ್ಳು ಮೂವತ್ತರ ಹತ್ತಿರ ಇತ್ತು. ಎಷ್ಟು ತೋರಿಸಬೇಕಿತ್ತು ಎಂದು ಕೇಳಿದೆ.

"ನಲವತ್ತು. ನಲವತ್ತರಾಗೆ ಹೋಗ್ತಾ ಇವ್ನಿ, ಇದು ಮೂವತ್ತು ಅಂತದೆ."

ಅಷ್ಟರಲ್ಲಿ ಒಂದು ಮೊಪೆಡ್ಡು ನಮ್ಮನ್ನು ದಾಟಿಕೊಂಡು ಹೋಯಿತು. ಹಿಂದೆ ಹಸಿ ಹುಲ್ಲಿನ ಹೊರೆ, ಹೊರೆಗೆ ಸಿಕ್ಕಿಸಿದ ಕುಡುಗೋಲು. ಓಡಿಸುತ್ತಿದ್ದ ಮುದುಕನ ಪಂಚೆ ಗಾಳಿಗೆ ಹಾರುತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಹುಲ್ಲು ಹೊತ್ತವನೂ ನಮ್ಮನ್ನು ಹಿಂದೆ ಹಾಕಿದನಲ್ಲ ಎಂದು ಮನೆ ಮುಟ್ಟುವವರೆಗೆ ಕಾಲೆಳೆಯುತ್ತಿದ್ದೆ. ಅವತ್ತು ಯಾಕೋ ಬಾಯಿ ಬರಲಿಲ್ಲ. ಮೀಟರಿನ ವಿಷಯದಲ್ಲಿ ನಮ್ಮವರ ಜೊತೆ ವಾದಕ್ಕೆ ನಿಲ್ಲುವವರು ಇಡೀ ಹೊಸೂರಿನಲ್ಲಿ ಇರಲಿಲ್ಲ, ನಾನಂತೂ ಮೊದಲೇ ಅಲ್ಲ.

ಅವರು ಕೋಲಾರದ ಕಡೆಯವರು. ಹೊಸೂರಿನ ಒಂದು ಬೈಕು ಫ್ಯಾಕ್ಟರಿಗೆ ಟೆಸ್ಟ್ ರೈಡರ್ ಆಗಿ ಸೇರಿ ಅಲ್ಲೇ ನಿವೃತ್ತರಾದರು. ಹೊಸದಾಗಿ ಜೋಡಿಸಿದ ಗಾಡಿಯನ್ನು ಓಡಿಸಿ, ಬ್ರೇಕು, ಗೇರು, ದೀಪ, ಮೀಟರು ಎಲ್ಲ ನೋಡಿ, ಇದನ್ನು ಆಚೆ ಕಳಿಸಬಹುದು ಎಂದು ಹೇಳುವುದು ಅವರ ಕೆಲಸ. ನಾನು ಇಲ್ಲಿನ ಕನ್ನಡ ಮೀಡಿಯಂ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದೆ. ಆಲಸನತ್ತದಲ್ಲಿ ಮನೆ ಕಟ್ಟಿದೆವು. ಒಬ್ಬಳೇ ಮಗಳನ್ನು ಕೃಷ್ಣಗಿರಿಗೆ ಕೊಟ್ಟೆವು. ಅಳಿಯ ಅಲ್ಲಿ ಮಾವಿನ ಹಣ್ಣಿನ ರಸ ತೆಗೆಯುವ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ದೊಡ್ಡ ಕಷ್ಟವೇನೂ ಕಂಡವರಲ್ಲ ನಾವು.

ಫ್ಯಾಕ್ಟರಿಯ ಕೆಲಸ ಫ್ಯಾಕ್ಟರಿಯಲ್ಲೇ ಮುಗಿಯುತ್ತಿತ್ತು ಎಂದುಕೊಳ್ಳಬೇಡಿ. ಬೇರೆ ಗಂಡಂದಿರು ಭಾನುವಾರ ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು, ನನಗೆ ಕಿಲೋಮೀಟರು ಕಲ್ಲುಗಳ ದರ್ಶನ. ತೊರಪಲ್ಲಿ ರಸ್ತೆಯಲ್ಲಿ ಒಂದು ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ಮುಳ್ಳನ್ನು ಒಂದೇ ಕಡೆ ನಿಲ್ಲಿಸಿ ಓಡಿಸುವರು. ಹಿಂದೆ ಕೂತ ನಾನು ಕೈಗಡಿಯಾರದ ಸೆಕೆಂಡು ಮುಳ್ಳು ನೋಡುತ್ತ, ಕಲ್ಲು ದಾಟುವಾಗ "ಹಾಂ" ಎನ್ನಬೇಕು, ಮುಂದಿನ ಕಲ್ಲಿಗೆ ಇನ್ನೊಂದು "ಹಾಂ". ಅರವತ್ತರಲ್ಲಿ ಹೋದರೆ ಕಲ್ಲಿನಿಂದ ಕಲ್ಲಿಗೆ ಸರಿಯಾಗಿ ಒಂದು ನಿಮಿಷ, ನಲವತ್ತರಲ್ಲಿ ಹೋದರೆ ಒಂದೂವರೆ. ಮದುವೆಯಾದ ಹೊಸತರಲ್ಲೇ ನನಗೆ ಈ ಮಗ್ಗಿ ಬಾಯಿಪಾಠವಾಯಿತು. ಸೆಕೆಂಡು ಮುಳ್ಳಿರುವ ಗಡಿಯಾರವನ್ನು ಅವರೇ ತಂದುಕೊಟ್ಟರು. ಹಬ್ಬಕ್ಕೆ ಸೀರೆ ಕೇಳಿದ್ದೆ.

ಮೀಟರು ಯಾವತ್ತೂ ಕೂದಲೆಳೆಯಷ್ಟು ಹೆಚ್ಚು ತೋರಿಸಬೇಕು, ಕಮ್ಮಿಯಂತೂ ತೋರಿಸಕೂಡದು. ಇದು ಅವರು ಕಲಿಸಿದ ಮೊದಲ ಪಾಠ. ಎಲ್ಲ ಕಂಪನಿಯವರೂ ಹಾಗೇ ಮಾಡುತ್ತಾರಂತೆ. ಕಮ್ಮಿ ತೋರಿಸಿದರೆ ಜನ ತಮಗೇ ಗೊತ್ತಿಲ್ಲದೆ ಜೋರಾಗಿ ಹೋಗುತ್ತಾರೆ ಎಂಬ ಭಯ. ಎರಡನೆಯ ಪಾಠ, ಮೀಟರನ್ನು ಪರೀಕ್ಷೆ ಮಾಡುವ ಮೊದಲು ಕಲ್ಲನ್ನು ಪರೀಕ್ಷೆ ಮಾಡಬೇಕು. ರಸ್ತೆಯವರು ಕೈಗೆ ಬಂದ ಕಡೆ ಕಲ್ಲು ನೆಟ್ಟಿರುತ್ತಾರೆ. ಮುಳ್ಳಿನ ಕೆಳಗೆ ಓಡಿದ ದೂರದ ಅಂಕಿಗಳ ಸಾಲು ಇದೆಯಲ್ಲ, ಅದರ ಕೊನೆಯ ಬಿಳಿ ಅಂಕಿ ಒಂದು ಕಿಲೋಮೀಟರಿಗೆ ಒಂದು ಪೂರಾ ಸುತ್ತು ಬರುತ್ತದೆ. ಈ ಕಲ್ಲಿನ ಹತ್ತಿರ ಏಳು ಇದ್ದರೆ ಮುಂದಿನ ಕಲ್ಲಿನ ಹತ್ತಿರವೂ ಏಳೇ ಇರಬೇಕು. ಇದ್ದರೆ ಕಲ್ಲು ಸರಿ. ಆ ರಸ್ತೆಯ ಕಲ್ಲುಗಳನ್ನೆಲ್ಲ ಅವರು ಹೀಗೆ ಅಳೆದಿದ್ದರು. ಯಾವುದು ಸರಿ, ಯಾವುದು ಸೊಟ್ಟ ಎಂದು ನನ್ನ ಅಣ್ಣನಿಗೆ ಬೇಸರ ಬರುವಷ್ಟು ಹೇಳಿದ್ದರು.

ಕಲ್ಲಿನ ಆಟ ಮುಗಿದ ಮೇಲೆ ಕರವಸ್ತ್ರದ ಆಟ. ಕರವಸ್ತ್ರವನ್ನು ಮೀಟರಿಗೆ ಹಿಂದಿನಿಂದ ಗಂಟು ಹಾಕಿ ಮುಚ್ಚಿ, ಗಾಡಿಯನ್ನು ಒಂದು ವೇಗಕ್ಕೆ ತಂದು, "ಈಗ ಐವತ್ತು" ಅನ್ನುವರು. ಅಂದವರೇ ಬಟ್ಟೆಯ ಅಂಚು ಎತ್ತುವರು. ಮುಳ್ಳು ಐವತ್ತರ ಮೇಲೆ ಕೂತಿರುತ್ತಿತ್ತು. ಎಂಜಿನ್ನಿನ ಸದ್ದು, ಎದೆಗೆ ಬಡಿಯುವ ಗಾಳಿ, ಸೀಟಿನ ನಡುಕ, ಇವುಗಳಿಂದಲೇ ಗೊತ್ತಾಗುತ್ತದೆ ಎನ್ನುವರು. ಫ್ಯಾಕ್ಟರಿಯ ಗೆಳೆಯರು ಅವರನ್ನು ಮೀಟರಣ್ಣ ಎಂದೇ ಕರೆಯುತ್ತಿದ್ದರು. ಅದೊಂದು ಜಂಬ ಅವರಿಗಿತ್ತು. ಬೇರೆ ಯಾವ ವಿಷಯಕ್ಕೂ ಎದೆ ಉಬ್ಬಿಸಿದ ಮನುಷ್ಯ ಅಲ್ಲ.

ಇಂಥವರು ಮೀಟರು ಕಮ್ಮಿ ತೋರಿಸುತ್ತಿದೆ ಎಂದರೆ ಅದು ಕಮ್ಮಿಯೇ ತೋರಿಸುತ್ತಿರಬೇಕು ಎಂದು ನಾನು ನಂಬಿದೆ.

ರಿಪೇರಿ ಶುರುವಾಯಿತು. ಮೊದಲು ಮುಂದಿನ ಚಕ್ರದಿಂದ ಮೀಟರಿಗೆ ಹೋಗುವ ಕೇಬಲ್ಲು. ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸು ಹಚ್ಚಿ ಮತ್ತೆ ಹಾಕಿದರು. ಆಮೇಲೆ ಅದನ್ನೇ ಬಿಸಾಕಿ ಹೊಸದು ಹಾಕಿದರು. ಚಕ್ರದ ನಡುವೆ ಕೇಬಲ್ಲನ್ನು ತಿರುಗಿಸುವ ಹಲ್ಲಿನ ಚಕ್ರವನ್ನು ಬದಲಾಯಿಸಿದರು. ಮುಂದಿನ ಟೈರು ಹೊಸದು, ಸೈಜು ದೊಡ್ಡದಾಗಿರಬೇಕು ಎಂದರು. ಚಕ್ರ ದೊಡ್ಡದಾದರೆ ಸುತ್ತು ಕಮ್ಮಿ, ಸುತ್ತು ಕಮ್ಮಿಯಾದರೆ ಮುಳ್ಳೂ ಕಮ್ಮಿ. ಬೇರೆ ಟೈರು ಬಂತು. ಗಾಳಿ ಇಳಿಸಿ ನೋಡಿದರು, ಏರಿಸಿ ನೋಡಿದರು. ಅಂಗಳದಲ್ಲಿ ನನ್ನ ತುಳಸಿಕಟ್ಟೆಯ ಸುತ್ತ ಸ್ಪ್ಯಾನರುಗಳು ಬಿದ್ದಿರುತ್ತಿದ್ದವು. ಮುಳ್ಳು ಮಾತ್ರ ಮೂವತ್ತು ಬಿಟ್ಟು ಕದಲಲಿಲ್ಲ.

ಅಳಿಯ ಬಂದಾಗ ನನ್ನ ಫೋನಿಗೆ ವೇಗ ತೋರಿಸುವ ಆಪ್ ಹಾಕಿಕೊಟ್ಟ. ಹಿಂದೆ ಕೂತು ಫೋನು ಹಿಡಿದೆ. ಮೀಟರು ಮೂವತ್ತು ಎಂದರೆ ಫೋನು ಇಪ್ಪತ್ತೆಂಟು ಎಂದಿತು. ಅಂದರೆ ಮೀಟರು ಹುಟ್ಟುವಾಗ ಹೇಗಿತ್ತೋ ಹಾಗೇ ಇತ್ತು, ಕೂದಲೆಳೆಯಷ್ಟು ಹೆಚ್ಚು. ಆದದ್ದನ್ನು ಆದ ಹಾಗೆ ಹೇಳಿದೆ.

"ಹುಣಸೇಮರದ ಕೆಳಗೆ ಸಿಗ್ನಲ್ಲು ಸಿಕ್ಕಾಕಿಲ್ಲ," ಅಂದರು.

ರಸ್ತೆಯ ಆ ಭಾಗದಲ್ಲಿ ಒಂದೇ ಒಂದು ಹುಣಸೇಮರ ಇತ್ತು. ನನಗೆ ನಗು ಬಂತು, ಅವರು ನಗಲಿಲ್ಲ.

ಆ ದಿನಗಳಲ್ಲಿ ಅವರು ಎಲ್ಲದರ ಮೇಲೂ ತಪ್ಪು ಹೊರಿಸುತ್ತಿದ್ದರು. ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು, ದರ್ಜಿ ಕಾಜ ಚಿಕ್ಕದು ಮಾಡಿದ್ದಾನೆ ಎಂದರು. ನಡೆಯುವಾಗ ಕಾಲು ಎಳೆಯುತ್ತಿತ್ತು, ಚಪ್ಪಲಿ ಭಾರ ಎಂದರು. ನಾನು ಉಂಡು ತಟ್ಟೆ ತೊಳೆದಿಟ್ಟು ಬಂದರೂ ಅವರ ಮುದ್ದೆ ಅರ್ಧ ಹಾಗೇ ಇರುತ್ತಿತ್ತು. ಮುದ್ದೆ ಗಟ್ಟಿ ಮಾಡಿದ್ದೀಯ ಎಂದರು. ನನಗೆ ರೇಗಿಹೋಯಿತು. ಇಷ್ಟು ವರ್ಷ ಇದೇ ಕೈ, ಇದೇ ಕೋಲು, ಇದೇ ಮುದ್ದೆ, ಈಗ ಗಟ್ಟಿಯಾಯಿತಾ ಎಂದು ಜಗಳವಾಡಿದೆ. ಇಬ್ಬರೂ ಎರಡು ದಿನ ಮಾತು ಬಿಟ್ಟೆವು. ಈಗ ಆ ಜಗಳ ಬೇಕು ಅನಿಸುತ್ತದೆ. ಜಗಳ ಆಡುವಷ್ಟಾದರೂ ನಾವು ಸಮಸಮ ಇದ್ದೆವು.

ಬಲಗೈ ಭುಜ ಹಿಡಿದುಕೊಂಡಿದೆ ಎಂದು ಹೊಸೂರಿನ ಡಾಕ್ಟರಿಗೆ ತೋರಿಸಿದೆವು. ಅವರು ನೋಡಿದವರೇ ಬೆಂಗಳೂರಿಗೆ, ನರದ ಡಾಕ್ಟರ ಬಳಿ ಹೋಗಿ ಎಂದರು. ಅಲ್ಲಿದ್ದವಳು ನನ್ನ ಮಗಳ ವಯಸ್ಸಿನ ಹುಡುಗಿ. ಹೆಬ್ಬೆರಳು ತೋರುಬೆರಳು ತಟ್ಟಿ ಅಂದಳು, ಮುಷ್ಟಿ ಬಿಡಿಸಿ ಮುಚ್ಚಿ ಅಂದಳು. ನಮ್ಮವರು ತಟ್ಟಿದರು. ಮೊದಲೆರಡು ಸಲ ಬೆರಳು ಅಗಲವಾಗಿ ತೆರೆಯಿತು, ಆಮೇಲೆ ಸಣ್ಣದಾಗುತ್ತ ಬಂತು, ಕೊನೆಗೆ ಸುಮ್ಮನೆ ನಡುಗುತ್ತ ಒಂದಕ್ಕೊಂದು ಅಂಟಿಕೊಂಡಂತೆ ನಿಂತಿತು. "ಸರಿಯಾಗಿ ಮಾಡಿದ್ರಾ?" ಎಂದು ಕೇಳಿದಳು. "ಮಾಡಿದ್ನಲ್ಲ ತಾಯಿ," ಅಂದರು. ಅವರ ಮುಖ ನೋಡಿದೆ. ನಿಜವಾಗಿಯೂ ಮಾಡಿದ್ದೇನೆ ಎಂದೇ ಅವರು ನಂಬಿದ್ದರು.

ಅವರನ್ನು ನರ್ಸಿನ ಜೊತೆ ಉದ್ದನೆಯ ಓಣಿಯಲ್ಲಿ ನಡೆದು ಬರಲು ಕಳಿಸಿ ಡಾಕ್ಟರು ನನ್ನ ಬಳಿ ಮಾತಾಡಿದಳು. ಮಿದುಳಿನ ಕಾಯಿಲೆ, ಮೈಯನ್ನು ನಿಧಾನ ಮಾಡುತ್ತ ಹೋಗುತ್ತದೆ. ಮಾತ್ರೆಯಿಂದ ಸ್ವಲ್ಪ ದಿನ ಸಡಿಲವಾಗಬಹುದು. ವಾಸಿಯಾಗುವುದಿಲ್ಲ. ಗಾಡಿ ಬಿಡಿಸಿಬಿಡಿ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು, ಪಾಪ, ಹೊರಗೆ ಇನ್ನೂ ಎಷ್ಟೋ ಜನ ಕಾಯುತ್ತಿದ್ದರು. ಆಮೇಲೆ ಇನ್ನೊಂದು ಮಾತು ಸೇರಿಸಿದಳು.

"ಅವರಿಗೆ ತಾವು ನಿಧಾನ ಆಗಿರೋದು ಗೊತ್ತಾಗಲ್ಲಮ್ಮ. ಮೊದಲಿನ ಹಾಗೇ ಮಾಡ್ತಾ ಇದೀನಿ ಅಂತಲೇ ಅನಿಸ್ತಿರತ್ತೆ. ನೀವು ಬೈಬೇಡಿ."

ಬಾಗಿಲಿನ ಗಾಜಿನಿಂದ ಓಣಿ ಕಾಣುತ್ತಿತ್ತು. ಅವರು ಸಣ್ಣ ಸಣ್ಣ ಹೆಜ್ಜೆ ಇಡುತ್ತ ಬರುತ್ತಿದ್ದರು, ಬಲಗೈ ಬೀಸದೆ ಹೊಟ್ಟೆಗೆ ಒತ್ತಿಕೊಂಡಿತ್ತು, ಮುಖದಲ್ಲಿ ಬೇಗ ನಡೆದು ಬಂದವರ ಧಿಮಾಕು. ಕೇಬಲ್ಲು, ಟೈರು, ಹುಣಸೇಮರ, ಕಾಜ, ಚಪ್ಪಲಿ, ಮುದ್ದೆ ಎಲ್ಲ ಒಟ್ಟಿಗೆ ನೆನಪಾದವು. ಮೀಟರು ಸರಿಯಾಗೇ ಇತ್ತು. ಕೆಟ್ಟಿದ್ದು ಫ್ಯಾಕ್ಟರಿಯವರೆಲ್ಲ ನಂಬಿದ್ದ ಇನ್ನೊಂದು ಮೀಟರು. ಅದಕ್ಕೆ ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಗುವುದಿಲ್ಲ. ಆಸ್ಪತ್ರೆಯ ಹೆಂಗಸರ ಕಕ್ಕಸಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದೆ.

ಡಾಕ್ಟರು ಅವರಿಗೂ ಹೇಳಿದಳು. ಅವರು ತಲೆ ಆಡಿಸಿದರು. ಬಸ್ಸಿನಲ್ಲಿ ಬರುವಾಗ, "ನರ ಬಿಗಿದವೆ ಅಂತೆ, ಮಾತ್ರೆ ತಕಂಡ್ರೆ ಬಿಟ್ಕಂತವೆ," ಅಂದರು. ಗಾಡಿಯ ಮಾತು ಅವರ ಕಿವಿಗೆ ಬಿದ್ದಂತೆಯೇ ಇರಲಿಲ್ಲ.

ಮಗಳು ಕೃಷ್ಣಗಿರಿಯಿಂದ ದಿನಾ ಫೋನು ಮಾಡಿ ಒಂದೇ ರಾಗ ಎಳೆಯುತ್ತಿದ್ದಳು. "ಅಮ್ಮಾ, ಗಾಡಿ ಕೀ ತೆಗ್ದು ಬಚ್ಚಿಡು. ಅಪ್ಪ ಬಿದ್ರೆ ಯಾರಮ್ಮ ನೋಡೋರು?"

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಕೀ ಬಚ್ಚಿಟ್ಟರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಕೇಳಿದರೆ ನಿಮಗೆ ನಲವತ್ತು ಯಾವುದು ಮೂವತ್ತು ಯಾವುದು ಗೊತ್ತಾಗುವುದಿಲ್ಲ ಎಂದು ಮೀಟರಣ್ಣನ ಮುಖಕ್ಕೆ ನಾನೇ ಹೇಳಬೇಕು. ನನ್ನ ಬಾಯಿ ಜೋರು ಎಂದು ಶಾಲೆಯ ಮಕ್ಕಳಿಂದ ಹಿಡಿದು ಅತ್ತೆಮನೆಯವರವರೆಗೆ ಎಲ್ಲರೂ ಅಂದಿದ್ದಾರೆ. ಆ ಬಾಯಿಯಿಂದ ಈ ಒಂದು ಮಾತು ಹೊರಡಲಿಲ್ಲ. ಕೈಕಾಲು ಒಂದಲ್ಲ ಒಂದು ದಿನ ಗಾಡಿಯನ್ನು ತಾವಾಗಿಯೇ ಬಿಡಿಸುತ್ತವೆ, ಅಲ್ಲಿಯವರೆಗೆ ಅವರಿಗೆ ಇದು ಗೊತ್ತಾಗದಿರಲಿ, ಅದರಲ್ಲೂ ಮೀಟರಿನಿಂದ ಗೊತ್ತಾಗದಿರಲಿ. ನನಗೆ ಬೇಕಾಗಿದ್ದು ಇಷ್ಟೇ. ತೊರಪಲ್ಲಿ ರಸ್ತೆ ಬಿಟ್ಟು ಬೇರೆ ಕಡೆ ಹೋಗುವಂತಿಲ್ಲ, ನನ್ನನ್ನು ಬಿಟ್ಟು ಹೋಗುವಂತಿಲ್ಲ ಎಂದು ಕಟ್ಟು ಹಾಕಿದೆ. ಬಿದ್ದರೆ ಇಬ್ಬರೂ ಬೀಳೋಣ ಎಂದುಕೊಂಡೆ. ಆ ಹೊತ್ತಿಗೆ ನನಗೆ ಅದು ಧೈರ್ಯದ ಯೋಚನೆ ಅನಿಸಿತ್ತು.

ಮುಂದಿನ ವಾರವೇ ಅವರು ನನ್ನ ಕಟ್ಟು ಮುರಿದು ಗಾಡಿ ತೆಗೆದು, ಮೂಕಂಡಪಲ್ಲಿಯಲ್ಲಿ ಮೀಟರು ರಿಪೇರಿ ಮಾಡುವವನೊಬ್ಬ ಇದ್ದಾನೆ, ಮೀಟರನ್ನೇ ಬಿಚ್ಚಿಸಿಬಿಡೋಣ ಬಾ ಎಂದರು. ಫ್ಯಾಕ್ಟರಿ ಕಾರ್ಮಿಕರ ಮನೆಗಳ ಸಾಲಿನ ಮಧ್ಯೆ ಒಂದು ಗೂಡಂಗಡಿ. ಅಂಗಡಿಯವನು ತಮಿಳಿನವನು, ನಮ್ಮ ಜೊತೆ ಕನ್ನಡ, ಪಕ್ಕದ ಟೀ ಅಂಗಡಿಯವನ ಜೊತೆ ತೆಲುಗು. ಮೀಟರನ್ನು ಬಿಚ್ಚಿ, ತನ್ನಲ್ಲಿದ್ದ ಸಣ್ಣ ಮೋಟರಿಗೆ ಸಿಕ್ಕಿಸಿ ತಿರುಗಿಸಿ ನೋಡಿದ.

"ಅಣ್ಣಾ, ಕರೆಕ್ಟಾಗಿ ಅದೆ."

"ಇನ್ನೊಂದ್ಸಲ ನೋಡಪ್ಪ."

ಅವನು ಇನ್ನೊಂದು ಸಲ ನೋಡಿದ. ಕರೆಕ್ಟಾಗೇ ಇತ್ತು. ನಮ್ಮವರು ಮುಖ ಸಿಂಡರಿಸಿ ಟೀ ಕುಡಿಯಲು ಪಕ್ಕದ ಅಂಗಡಿಗೆ ಹೋದರು. ಲೋಟ ತುಟಿಗೆ ಮುಟ್ಟಿಸುವುದಕ್ಕೇ ಅವರಿಗೆ ಹೊತ್ತಾಗುತ್ತದೆ ಎಂದು ನನಗೆ ಗೊತ್ತಿತ್ತು. ಸ್ಟೂಲು ಎಳೆದುಕೊಂಡು ಅವನ ಎದುರು ಕೂತೆ.

"ನೋಡಪ್ಪ, ಇದು ಮೂವತ್ತಿರೋ ಕಡೆ ನಲವತ್ತು ತೋರಿಸ್ಬೇಕು. ಹಂಗೆ ಮಾಡಿಕೊಡ್ತೀಯಾ?"

ಅವನು ನನ್ನನ್ನೇ ನೋಡಿದ. "ಎನ್ನಕ್ಕಾ ಇದು? ಗಾಡಿ ಮಾರೋರು ಬತ್ತಾರೆ, ಓಡಿರೋ ಕಿಲೋಮೀಟ್ರು ಕಮ್ಮಿ ಮಾಡ್ಕೊಡು ಅಂತಾರೆ. ಮುಳ್ಳು ಜಾಸ್ತಿ ತೋರಿಸು ಅಂತ ಯಾರೂ ಕೇಳಿಲ್ಲ."

ಟೀ ಅಂಗಡಿಯ ಕಡೆ ಕಣ್ಣು ತೋರಿಸಿ ಕಾಯಿಲೆಯ ವಿಷಯ ಹೇಳಿದೆ. ಅವನು ಆ ಕಡೆ ತಿರುಗಿದ. ಅಲ್ಲಿ ನಮ್ಮವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅವನು ಮತ್ತೇನೂ ಕೇಳದೆ ಮೀಟರಿನ ಹಿಂಭಾಗ ತೆಗೆದು ತಲೆಗೂದಲಿನಂಥ ಒಂದು ಸ್ಪ್ರಿಂಗು ತೋರಿಸಿದ. ಕೇಬಲ್ಲಿನ ತುದಿಯಲ್ಲಿ ಅಯಸ್ಕಾಂತ ತಿರುಗಿದಾಗ ಅದು ಮುಳ್ಳನ್ನು ಎಳೆಯುತ್ತದೆ, ಈ ಸ್ಪ್ರಿಂಗು ಹಿಂದಕ್ಕೆ ಜಗ್ಗುತ್ತದೆ. ಸ್ಪ್ರಿಂಗನ್ನು ಸಡಿಲ ಮಾಡಿದರೆ ಅದೇ ವೇಗಕ್ಕೆ ಮುಳ್ಳು ಮುಂದೆ ಹೋಗುತ್ತದೆ.

"ಮುಳ್ಳು ಮಾತ್ರ ಅಕ್ಕಾ. ಕೆಳಗಿರೋ ನಂಬರ್‌ಗೂ ಇದಕ್ಕೂ ಸಂಬಂಧ ಇಲ್ಲೆ. ಅದು ಹಲ್ಲಿನ ಚಕ್ರದಾಗೆ ಓಡೋದು. ಅದು ಸರಿಯಾಗೇ ಓಡ್ತದೆ."

ಓಡಿಕೊಳ್ಳಲಿ ಬಿಡು ಎಂದೆ.

ವಾಪಸು ಬರುವಾಗ ಮುಳ್ಳು ನಲವತ್ತಕ್ಕೆ ಬಂದು ನಿಂತಿತು. ನಮ್ಮವರ ಬೆನ್ನು ನೆಟ್ಟಗಾಯಿತು, ಹಿಂದೆ ಕೂತಿದ್ದ ನನಗೆ ಚೆನ್ನಾಗಿ ಗೊತ್ತಾಯಿತು.

"ನಾನು ಹೇಳ್ನಿಲ್ವಾ? ಮೀಟ್ರಲ್ಲೇ ಇತ್ತು ಕಸರು. ಎಲ್ಲಾರೂ ನಂಗೇ ಹೇಳಕ್ ಬತ್ತಾರೆ."

"ನೀವು ಹೇಳಿದ್ರಿ," ಅಂದೆ.

ಆ ದಿನಗಳು ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ. ನಾವು ನಲವತ್ತರಲ್ಲಿ ತೊರಪಲ್ಲಿಗೆ ಹೋಗುತ್ತಿದ್ದೆವು, ನಲವತ್ತರಲ್ಲಿ ಬರುತ್ತಿದ್ದೆವು. ಹುಲ್ಲಿನ ಮೊಪೆಡ್ಡುಗಳು, ಗುಲಾಬಿ ತೋಟಕ್ಕೆ ಹೆಂಗಸರನ್ನು ತುಂಬಿಕೊಂಡ ಆಟೋಗಳು, ಗೊಬ್ಬರದ ಟ್ರ್ಯಾಕ್ಟರು ಎಲ್ಲವೂ ನಮ್ಮನ್ನು ದಾಟಿ ಹೋಗುತ್ತಿದ್ದವು. "ಜನಕ್ಕೆ ಏನವಸರವೋ," ಎನ್ನುವರು. ನಾನೂ ಹೌದು ಎನ್ನುವೆ. ಅಣ್ಣನ ಮನೆಯಲ್ಲಿ ಕೂತು ಸ್ಪೀಡೋಮೀಟರು ಹೇಗೆ ಕೆಲಸ ಮಾಡುತ್ತದೆ ಎಂದು ಮತ್ತೆ ಮೊದಲಿನಿಂದ ಹೇಳುವರು. ಮಾತು ಮೆಲ್ಲಗಾಗಿತ್ತು, ಅಣ್ಣ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುತ್ತಿದ್ದ.

ಮಳೆಗಾಲ ಮುಗಿದು ಚಳಿ ಬರುವ ಹೊತ್ತಿಗೆ ಒಂದು ದಿನ ಮತ್ತೆ ಅದೇ ಮಾತು ಬಂತು.

"ಇದು ಮತ್ತೆ ಕಮ್ಮಿ ತೋರಿಸ್ತದೆ ಕಣೆ."

ನಾನು ಮೀಟರನ್ನು ಅವರಿಗೆ ಸರಿಹೊಂದಿಸಿದ್ದೆ. ಅವರೇ ಇನ್ನೂ ನಿಧಾನವಾಗುತ್ತ ಹೋದರೆ ಅದು ಎಷ್ಟು ದಿನ ಸರಿಹೊಂದೀತು? ಟೀಚರಾಗಿ ಮಕ್ಕಳ ತಲೆಗೆ ಮೊಟಕಿ ಲೆಕ್ಕ ಕಲಿಸಿದವಳಿಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ.

ಮತ್ತೆ ಮೂಕಂಡಪಲ್ಲಿಗೆ ಹೋದೆವು. ಈ ಸಲ ಅವರು ಟೀ ಅಂಗಡಿಗೂ ಹೋಗಲಿಲ್ಲ, ಗಾಡಿಗೆ ಒರಗಿ ನಿಂತು ಕಣ್ಣು ಮುಚ್ಚಿಕೊಂಡಿದ್ದರು. ಅಂಗಡಿಯವನು ಸ್ಪ್ರಿಂಗನ್ನು ಇನ್ನಷ್ಟು ಸಡಿಲ ಮಾಡಿ, ಬಗ್ಗಿ ನನ್ನ ಕಿವಿಯಲ್ಲಿ ಹೇಳಿದ.

"ಇಷ್ಟೇ ಅಕ್ಕಾ. ಇನ್ನೂ ಬಿಟ್ರೆ ಮುಳ್ಳು ಸೊನ್ನೆಗೆ ವಾಪಸ್ ಬರಲ್ಲ. ಇನ್ಮೇಲೆ ಇದ್ರಲ್ಲಿ ಮಾಡಕ್ಕೆ ಏನೂ ಇಲ್ಲೆ."

ಡಾಕ್ಟರೂ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದಳು. ಆ ವಾರ ಮಾತ್ರೆ ಹೆಚ್ಚಿಸಿದ್ದಳು, ಇನ್ನೂ ಹೆಚ್ಚಿಸಿದರೆ ತಲೆ ತಿರುಗುತ್ತದೆ ಎಂದಿದ್ದಳು.

ಮುಳ್ಳು ನಲವತ್ತು ತೋರಿಸಿತು, ಆದರೆ ನಡುಗತೊಡಗಿತು. ಗುಂಡಿಗೆ ಬಿದ್ದರೆ ಹಾರುತ್ತಿತ್ತು, ಗಾಡಿ ನಿಲ್ಲಿಸಿದರೆ ಸೊನ್ನೆಗೆ ಇಳಿಯಲು ತಡೆಯುತ್ತಿತ್ತು. ಬೇರೆಯವರಿಗೆ ಇದು ಕಾಣುತ್ತಿರಲಿಲ್ಲ. ನಮ್ಮವರು ಅದನ್ನೇ ನೋಡುತ್ತ ಓಡಿಸಿದರು. ರಸ್ತೆ ನೋಡ್ರೀ ಎಂದು ನಾನು ಹೇಳಬೇಕಾಯಿತು. ಎರಡು ಮೂರು ದಿನ ಬಿಟ್ಟು, ಬೆಳಗಿನ ಮಾತ್ರೆ ನುಂಗಿ, ಮೈ ಸಡಿಲವಾಗಿದ್ದ ಹೊತ್ತಿಗೆ ಅಂದರು:

"ಗಡಿಯಾರ ಕಟ್ಕೊ. ಕಲ್ಲಿಂದ ಕಲ್ಲಿಗೆ ನೋಡ್ಬುಡನಾ."

ಎಷ್ಟೋ ವರ್ಷಗಳಿಂದ ಆಡದಿದ್ದ ಆಟ. ಬೇಡ ಎನ್ನಲು ನೆಪ ಹುಡುಕಿದೆ. ಗಡಿಯಾರದ ಸೆಲ್ಲು ಹೋಗಿದೆ ಎಂದೆ. ಅವರು ನನ್ನ ಕೈ ಹಿಡಿದು ಗಡಿಯಾರವನ್ನು ಕಿವಿಗಿಟ್ಟುಕೊಂಡು, ಓಡುತ್ತಿದೆ ಎಂದರು. ಹೊರಟೆವು. ತೊರಪಲ್ಲಿ ರಸ್ತೆಯಲ್ಲಿ, ತಮಿಳು ಅಕ್ಷರ ಅರ್ಧ ಮಾಸಿದ ಒಂದು ಕಲ್ಲು ಇದೆ, ಅದು ಸರಿಯಾದ ಕಲ್ಲುಗಳಲ್ಲಿ ಒಂದು. ಅಲ್ಲಿಗೆ ಬರುವಷ್ಟರಲ್ಲಿ ಮುಳ್ಳು ನಲವತ್ತರ ಆಚೆ ಈಚೆ ನಡುಗುತ್ತಿತ್ತು. ಕೆಳಗಿನ ಬಿಳಿ ಅಂಕಿ ಮೂರು. ಅಭ್ಯಾಸಬಲ, ನೋಡಿಬಿಟ್ಟೆ.

"ಹಾಂ," ಅಂದೆ.

ಆ ಒಂದು ಕಿಲೋಮೀಟರಿನಷ್ಟು ಉದ್ದನೆಯ ದಾರಿ ನಾನು ಬೇರೆ ಕಂಡಿಲ್ಲ. ಒಂದೂವರೆ ನಿಮಿಷ ಆದಾಗ ಕಲ್ಲು ಕಣ್ಣಿಗೂ ಬಿದ್ದಿರಲಿಲ್ಲ. ಈಗಲೇ "ಹಾಂ" ಎಂದುಬಿಡಲೇ ಎನಿಸಿತು. ಕಲ್ಲು ಬಂದರೆ ತಾನೇ ಹೇಳುವುದು? ಕಲ್ಲು ದಾಟುವಾಗ ಹೇಳಿ, ಹೊತ್ತನ್ನು ಸುಳ್ಳು ಹೇಳಬಹುದಿತ್ತು. ಒಂದೂವರೆ ನಿಮಿಷ ಎಂದರೆ ಮುಗಿಯಿತು, ನನ್ನ ಗಡಿಯಾರವನ್ನು ಅವರು ಯಾವತ್ತೂ ಅನುಮಾನಿಸಿದವರಲ್ಲ. ಮುಳ್ಳನ್ನು ತಿರುಚಿಸಲು ನಾನು ಹಿಂದೆ ಮುಂದೆ ನೋಡಿರಲಿಲ್ಲ. ಇದು ಆಗಲಿಲ್ಲ. ಎಷ್ಟು ಭಾನುವಾರ ಅವರ ಕಿವಿಯ ಹತ್ತಿರ ಬಾಯಿಟ್ಟು ನಿಜ ಹೇಳಿದ್ದೆನೋ, ಆ ಎಲ್ಲ ಭಾನುವಾರಗಳೂ ಸುಳ್ಳಾಗುತ್ತವೆ ಅನಿಸಿತು.

ಕಲ್ಲು ಬಂತು. "ಹಾಂ," ಅಂದೆ.

ಅವರು ಗಾಡಿ ನಿಲ್ಲಿಸಿ ಎರಡೂ ಕಾಲು ಊರಿದರು. "ಎಷ್ಟು?"

"ಎರಡೂವರೆ ನಿಮಿಷ."

ಅವರು ತಿರುಗಿ ನನ್ನ ಮುಖ ನೋಡಲಿಲ್ಲ. ನಲವತ್ತು ಎಂದು ಮೈ ಹೇಳಿತ್ತು, ನಲವತ್ತು ಎಂದು ಮುಳ್ಳೂ ಹೇಳಿತ್ತು. ಎರಡೂ ಒಂದೇ ಮಾತು ಹೇಳುತ್ತಿದ್ದಾಗ ಕಲ್ಲು ಬೇರೆ ಹೇಳಿತು. ಅದರ ಅರ್ಥ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಕಲ್ಲನ್ನೇ ನೋಡುತ್ತ ಅಂದರು:

"ಕಲ್ಲು ಜರುಗ್ಸವ್ರೆ. ರಸ್ತೆ ರಿಪೇರಿ ಮಾಡ್ವಾಗ ಕಿತ್ತು ಅತ್ಲಾಗೆ ನೆಟ್ಬುಟ್ಟವ್ರೆ."

"ಹೂಂ, ಜರುಗಿಸಿರ್ತಾರೆ," ಅಂದೆ.

ಹಾಗೆಂದು ಇಬ್ಬರೂ ಒಟ್ಟಿಗೆ ಮೀಟರಿನ ಕೆಳಗೆ ನೋಡಿದೆವು. ಬಿಳಿ ಅಂಕಿ ಮೂರಕ್ಕೆ ಬಂದು ನಿಂತಿತ್ತು. ಪೂರಾ ಒಂದು ಸುತ್ತು, ಹೆಚ್ಚಿಲ್ಲ, ಕಮ್ಮಿಯಿಲ್ಲ. ಕಲ್ಲು ಯಾವ ಜಾಗದಲ್ಲಿತ್ತೋ ಅದೇ ಜಾಗದಲ್ಲಿತ್ತು. ನನಗೆ ಅದನ್ನು ಓದಲು ಕಲಿಸಿದವರೇ ಅವರು. ಅವರು ಓದಿದರು. ಅವರು ಓದಿದ್ದನ್ನು ನಾನು ನೋಡಿದೆ.

ಅವರು ಜೇಬಿಗೆ ಕೈ ಹಾಕಿದರು. ಕೈ ಒಳಗೆ ಹೋಗಲು ಹೊತ್ತಾಯಿತು, ಹೊರಗೆ ಬರಲು ಇನ್ನೂ ಹೊತ್ತಾಯಿತು. ಕರವಸ್ತ್ರ ತೆಗೆದು ಮೀಟರಿನ ಮೇಲೆ ಹಾಸಿ, ಹಿಂದೆ ಗಂಟು ಹಾಕಲು ನೋಡಿದರು. ಬೆರಳುಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಸಹಾಯ ಮಾಡಲು ನನಗೆ ಭಯವಾಯಿತು. ಕೊನೆಗೆ ಅವರೇ, "ಕಟ್ಟೇ," ಅಂದರು. ಇಳಿದು ಬಂದು ಕಟ್ಟಿದೆ.

ಗಾಡಿ ತಿರುಗಿಸಿ ಮನೆಯ ಕಡೆ ಹೊರಟೆವು. ಗಾಳಿಗೆ ಕರವಸ್ತ್ರದ ಅಂಚು ಪಟಪಟ ಬಡಿಯುವಷ್ಟೂ ವೇಗ ಇರಲಿಲ್ಲ. ಗುಲಾಬಿ ತೋಟದ ಹತ್ತಿರ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ, ನಮ್ಮನ್ನು ದಾಟಿಕೊಂಡು ಮುಂದೆ ಹೋದ. ಆಗ ನಮ್ಮವರು ಹಿಂದಕ್ಕೆ ಕೇಳಿಸುವ ಹಾಗೆ ಅಂದರು:

"ಈಗ ನಲವತ್ತು."

ಅವರು ಬಟ್ಟೆ ಎತ್ತಲಿಲ್ಲ. ನಾನು ಅವರ ಬೆನ್ನಿಗೆ ಹಣೆಯಿಟ್ಟು, "ಹೂಂ, ನಲವತ್ತು," ಅಂದೆ.

ಮನೆಯ ಮುಂದೆ ಗಾಡಿಗೆ ಸ್ಟ್ಯಾಂಡು ಹಾಕಲು ಇಬ್ಬರೂ ಸೇರಿ ಎಳೆದೆವು. ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಮೀಟ್ರು ಸರಿಹೋಗೋಗಂಟ ನಿನ್ ತಾವ್ಲೇ ಇರ್ಲಿ," ಅಂದರು.

ಕೀ ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿದೆ. ಬಚ್ಚಿಟ್ಟಿಲ್ಲ. ಈಗ ಅವರಿಗೆ ಹಾಸಿಗೆಯಿಂದ ಬಾಗಿಲಿಗೆ ಬರಲು ನನ್ನ ಭುಜ ಬೇಕು. ಬೆಳಿಗ್ಗೆ ಅಂಗಳದಲ್ಲಿ ಬಿಸಿಲಿಗೆ ಕೂರಿಸಿದರೆ ಬೈಕಿನ ಎದುರೇ ಕೂರುತ್ತಾರೆ. ಗಾಡಿಯ ಧೂಳು ಒರೆಸುತ್ತೇನೆ, ಮೀಟರಿಗೆ ಕಟ್ಟಿದ ಕರವಸ್ತ್ರವನ್ನು ಮಾತ್ರ ಬಿಚ್ಚಿಲ್ಲ. ಮೀಟರು ಸರಿಯಾಯಿತಾ ಎಂದು ಅವರು ಇವತ್ತಿನವರೆಗೂ ನನ್ನನ್ನು ಕೇಳಿಲ್ಲ.